ಕುಂಬಾರನಿಗೆ ವರುಷ, ಡೆಟಾಲಿಗೆ ನಿಮಿಷ

ಮಹಾಲಯ ಅಮಾವಾಸ್ಯೆ ಹತ್ತಿರ ಬರ್ತಿದ್ದ ಹಾಗೇ ಒಂದು ಉಪದೇಶ ಎಲ್ಲ ಕಡೆ ಓಡಾಡೋಕೆ ಶುರುವಾಗುತ್ತೆ. ನಿಮಗೂ ಬಂದಿರುತ್ತೆ. "ಅಟ್ಟದ ಮೇಲಿರುವ ಹಳೇ ದಸರಾ ಗೊಂಬೆಗಳನ್ನು ಇಳಿಸಿ. ಒಂದು ಬಕೆಟ್ಟಿಗೆ ಡೆಟಾಲ್ ಸುರಿದು ರಾತ್ರಿಯೆಲ್ಲ ನೆನೆಹಾಕಿ. ಬೆಳಿಗ್ಗೆ ಹಳೇ ಟೂತ್‌ಬ್ರಶ್ಶಿನಲ್ಲಿ ತಿಕ್ಕಿ. ಹಳೇ ಬಣ್ಣವೆಲ್ಲ ಸಿಪ್ಪೆಯಂತೆ ಕಿತ್ತು ಬರುತ್ತದೆ. ಆಮೇಲೆ ಅಕ್ರಿಲಿಕ್ ಹಚ್ಚಿ, ಗೊಂಬೆ ಫಳಫಳ!" ಡೆಟಾಲ್ ಇಲ್ಲದಿದ್ದರೆ ವಿನೆಗರ್, ಅದೂ ಇಲ್ಲದಿದ್ದರೆ ಅಡಿಗೆ ಸೋಡ, ಇಲ್ಲವೇ ನೇಲ್ ಪಾಲಿಶ್ ರಿಮೂವರ್, ಕೊನೆಗೆ ಹಾರ್ಪಿಕ್ಕು! ಮನೆಯಲ್ಲಿ ಯಾವ ಬಾಟಲಿ ಇದೆಯೋ ಅದೇ ಮದ್ದು.

ಈ ಬರಹ ಆ ಉಪದೇಶದ ವಿರುದ್ಧ. ಯಾರೋ ಒಬ್ಬರ ಮೇಲೆ ಸಿಟ್ಟಿಲ್ಲ, ಎಲ್ಲರೂ ಒಳ್ಳೇ ಮನಸ್ಸಿನಿಂದಲೇ ಹೇಳ್ತಾರೆ. ಆದರೆ ಒಳ್ಳೇ ಮನಸ್ಸಿನಿಂದ ಬಕೆಟ್ಟಿಗೆ ಹಾಕಿದ ಗೊಂಬೆ ಕೆಟ್ಟ ಮನಸ್ಸಿನಿಂದ ಹಾಕಿದ ಗೊಂಬೆಯಷ್ಟೇ ಚೆನ್ನಾಗಿ ಕರಗುತ್ತೆ. ಅದು ರಸಾಯನಶಾಸ್ತ್ರ, ಅದಕ್ಕೆ ಮನಸ್ಸು ಕಾಣೋದಿಲ್ಲ.

ಮೊದಲೇ ಹೇಳಿಬಿಡ್ತೀನಿ, ನಾನು ಬಣ್ಣ ಕೀಳೋ ಕೆಲಸದ ವಿರೋಧಿಯಲ್ಲ. ವಾರವೆಲ್ಲ ಕೋಡು ಕುಟ್ಟಿ, ಶನಿವಾರ ರಾತ್ರಿ ಕನ್ನಡಕದ ಮೇಲೊಂದು ಭೂತಗನ್ನಡಿ ಸಿಕ್ಕಿಸಿಕೊಂಡು, ಹೆಬ್ಬೆರಳಿನ ಅರ್ಧದಷ್ಟು ಎತ್ತರದ ಸಿಪಾಯಿಗಳಿಗೆ ಮೀಸೆ ಬರೆಯೋದು ನನ್ನ ಹವ್ಯಾಸ. ಈ ವಯಸ್ಸಿಗೆ ಮದುವೆ ಮಾಡ್ಕೊಳ್ಳೋದು ಬಿಟ್ಟು ಇದೇನೋ ಅಂತ ಮನೆಯಲ್ಲಿ ಬೈಸಿಕೊಂಡದ್ದೂ ಆಗಿದೆ. ಇಂಥ ಸಿಪಾಯಿಗಳನ್ನು ಸೆಕೆಂಡ್ ಹ್ಯಾಂಡ್ ಕೊಂಡರೆ ಅರ್ಧ ಬೆಲೆ. ಆದರೆ ಹಿಂದಿನ ಯಜಮಾನರು ದೋಸೆ ಹಿಟ್ಟಿನಷ್ಟು ದಪ್ಪ ಬಣ್ಣ ಬಳಿದಿರ್ತಾರೆ. ಅದನ್ನು ತೆಗೀಲೇಬೇಕು. ನನ್ನ ಬಾಲ್ಕನಿಯಲ್ಲಿ ಅದಕ್ಕೇ ಅಂತ ಮುಚ್ಚಳವಿರೋ ಗಾಜಿನ ಜಾಡಿ ಇದೆ, ಕೈಗವಸು ಇದೆ. ಹಾಗಾಗಿ ಇದು ದೂರದಲ್ಲಿ ಕೂತು ಮೂಗು ಮುರಿಯೋ ಮಾತಲ್ಲ, ಜಾಡಿಯ ಪಕ್ಕ ಕೂತು ಹೇಳ್ತಿರೋ ಮಾತು.

ಡೆಟಾಲಿನಲ್ಲಿ ಬಣ್ಣ ಕೀಳೋ ವಿದ್ಯೆ ದಸರಾ ಗೊಂಬೆಗಾಗಿ ಬಂದದ್ದಲ್ಲ. ಅದು ಬೇರುಬಿಟ್ಟಿರೋದು ಬ್ರಿಟನ್ನಿನ ಪುಟ್ಟ ಸಿಪಾಯಿಗಳ ಹವ್ಯಾಸದಲ್ಲಿ. ಅಲ್ಲಿ ಇದಕ್ಕೆ ದೊಡ್ಡ ಇತಿಹಾಸವೇ ಇದೆ. 1893ರಲ್ಲಿ ವಿಲಿಯಂ ಬ್ರಿಟನ್ನರ ಕಂಪನಿ ಒಳಗೆ ಟೊಳ್ಳಾಗಿರುವ ಸೀಸದ ಸಿಪಾಯಿಗಳನ್ನು ಎರಕ ಹೊಯ್ಯೋಕೆ ಶುರು ಮಾಡಿತು. 1913ರಲ್ಲಿ ಎಚ್. ಜಿ. ವೆಲ್ಸ್, ಅದೇ ಕಾಲಯಂತ್ರದ ಕಥೆ ಬರೆದವರು, ಇಂಥ ಸಿಪಾಯಿಗಳನ್ನಿಟ್ಟುಕೊಂಡು ನೆಲದ ಮೇಲೆ ಯುದ್ಧ ಆಡೋದು ಹೇಗೆ ಅಂತ 'ಲಿಟಲ್ ವಾರ್ಸ್' ಅನ್ನೋ ಪುಸ್ತಕವನ್ನೇ ಬರೆದರು. 1979ರಲ್ಲಿ ಸಿಟಡೆಲ್ ಮಿನಿಯೇಚರ್ಸ್ ಬಂತು, 1983ರಲ್ಲಿ ವಾರ್‌ಹ್ಯಾಮರ್ ಆಟ ಬಂತು. ಆ ಕಾಲದ ಬೊಂಬೆಗಳು ಸೀಸ ಮತ್ತು ತವರ ಬೆರೆಸಿದ ಲೋಹದವು. 1990ರ ದಶಕದಲ್ಲಿ ಸೀಸ ಹೋಗಿ ತವರ ಹೆಚ್ಚಿರುವ ಬಿಳಿಲೋಹ ಬಂತು; ಅಮೆರಿಕದ ರಾಲ್ ಪಾರ್ಥಾ ಕಂಪನಿ 1993ರಲ್ಲೇ ಸೀಸ ಬಿಟ್ಟಿತು. ಈಗಂತೂ ಹೆಚ್ಚಿನವು ಪ್ಲಾಸ್ಟಿಕ್ಕು ಇಲ್ಲವೇ ರೆಸಿನ್.

ಇವುಗಳ ಮೇಲೆ ಬಳಿಯೋದು ಸಾಮಾನ್ಯವಾಗಿ ಅಕ್ರಿಲಿಕ್ ಬಣ್ಣ. ಡೆಟಾಲ್ ಬಾಟಲಿಯ ಹಿಂದೆ ಓದಿ ನೋಡಿ: ಕ್ಲೋರೋಕ್ಸೈಲೆನಾಲ್ 4.8%, ಜೊತೆಗೆ ಟರ್ಪಿನಿಯಾಲ್, ಆಲ್ಕೋಹಾಲ್. ಬ್ರಿಟನ್ನಿನ ಬಾಟಲಿಯಲ್ಲಿ ಪೈನ್ ಎಣ್ಣೆ ಮತ್ತು ಐಸೊಪ್ರೊಪೈಲ್ ಆಲ್ಕೋಹಾಲ್. ಬಣ್ಣ ಕೀಳೋದು ಮುಖ್ಯವಾಗಿ ಕ್ರಿಮಿ ಕೊಲ್ಲೋ ಅಂಶ ಅಲ್ಲ, ಈ ಪೈನ್ ಎಣ್ಣೆ ಜಾತಿಯ ವಸ್ತು ಮತ್ತು ಆಲ್ಕೋಹಾಲ್. ಅವು ಅಕ್ರಿಲಿಕ್ ಪದರದೊಳಗೆ ಇಳಿದು ಅದನ್ನು ಉಬ್ಬಿಸುತ್ತವೆ. ನೆನೆಸಿದ ಕಡಲೆಯ ಸಿಪ್ಪೆ ಸಡಿಲವಾಗುತ್ತಲ್ಲ, ಹಾಗೆ. ಒಂದು ದಿನ ನೆನೆಸಿ ಬ್ರಶ್ಶಿನಲ್ಲಿ ತಿಕ್ಕಿದರೆ ಬಣ್ಣ ಕಿತ್ತು ಬರುತ್ತೆ, ಲೋಹಕ್ಕೆ ಏನೂ ಆಗೋದಿಲ್ಲ. ಅಮೆರಿಕದಲ್ಲಿ ಇದೇ ಕೆಲಸಕ್ಕೆ ಸಿಂಪಲ್ ಗ್ರೀನ್ ಅನ್ನೋ ಹಸಿರು ಬಣ್ಣದ ಕ್ಲೀನರ್ ಬಳಸ್ತಾರೆ.

ಇಲ್ಲಿ ಒಂದು ವಿಷಯ ಗಮನಿಸಿ, ನನ್ನ ವಾದ ನಿಂತಿರೋದೇ ಅದರ ಮೇಲೆ. ಆ ಸಿಪಾಯಿಯಲ್ಲಿ ಮೈ ಬೇರೆ, ಬಣ್ಣ ಬೇರೆ. ಮೂಗು, ಮೀಸೆ, ಗುಂಡಿ, ಬಂದೂಕು ಎಲ್ಲ ಲೋಹದಲ್ಲೇ ಎರಕವಾಗಿರುತ್ತೆ. ಕಾರ್ಖಾನೆಯಿಂದ ಅದು ಬಣ್ಣವಿಲ್ಲದೆ ಬರಿಮೈಯಲ್ಲಿ ಬರುತ್ತೆ, ಕೊಂಡವನು ಬಣ್ಣ ಹಚ್ಚಿಕೊಳ್ಳಲಿ ಅಂತಲೇ. ಬಣ್ಣ ತೆಗೆದರೆ ಅದು ಹುಟ್ಟಿದ ಸ್ಥಿತಿಗೆ ಮರಳುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಅದು ಫ್ಯಾಕ್ಟರಿ ರಿಸೆಟ್. ಏನೂ ಕಳೆಯೋದಿಲ್ಲ.

ಅಲ್ಲೂ ಈ ವಿದ್ಯೆಗೆ ನೂರೆಂಟು ಷರತ್ತುಗಳಿವೆ. ನಮ್ಮ ಕಡೆ ಬರುವಾಗ ಷರತ್ತುಗಳೆಲ್ಲ ಕಸ್ಟಮ್ಸ್‌ನಲ್ಲೇ ಉಳಿದು, ಬಾಟಲಿಯ ಹೆಸರು ಮಾತ್ರ ದಾಟಿ ಬಂದಿದೆ.

ಡೆಟಾಲಿನಿಂದ ತೆಗೆದ ಗೊಂಬೆಯನ್ನು ನೇರ ನಲ್ಲಿ ಕೆಳಗೆ ಹಿಡಿದರೆ ಏನಾಗುತ್ತೆ ಗೊತ್ತೆ? ನೀರು ಬಿದ್ದ ತಕ್ಷಣ ಡೆಟಾಲು ಹಾಲಿನಂತಾಗುತ್ತೆ, ಸಡಿಲವಾಗಿದ್ದ ಬಣ್ಣ ಹಲಸಿನ ಮೇಣದಂತೆ ಜಿಗುಟಾಗಿ ಗೊಂಬೆಗೂ ಕೈಗೂ ಬ್ರಶ್ಶಿಗೂ ಅಂಟಿಕೊಳ್ಳುತ್ತೆ. ಅದಕ್ಕೇ ತಿಳಿದವರು ಮೊದಲು ಹೊಸ ಡೆಟಾಲಿನಲ್ಲೇ ತೊಳೆದು, ಪಾತ್ರೆ ಸೋಪು ಹಾಕಿ, ಆಮೇಲೆ ನೀರು ಮುಟ್ಟಿಸೋದು. "ರಾತ್ರಿ ನೆನೆಹಾಕಿ ಬೆಳಿಗ್ಗೆ ತೊಳೆಯಿರಿ" ಅನ್ನೋ ಸಂದೇಶದಲ್ಲಿ ಈ ಮಾತು ಎಲ್ಲಾದರೂ ಇತ್ತೇ?

ನೇಲ್ ಪಾಲಿಶ್ ರಿಮೂವರಿನಲ್ಲಿ ಅಸಿಟೋನ್ ಇದ್ದರೆ ಲೋಹದ ಬೊಂಬೆಗೆ ಪರವಾಗಿಲ್ಲ. ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಬೊಂಬೆಯನ್ನು ಅದಕ್ಕೆ ಹಾಕಿದರೆ ಬಣ್ಣದ ಜೊತೆ ಬೊಂಬೆಯೂ ಹೋಯ್ತು. ಅಂಟಿಸಿದ ಕೈಕಾಲುಗಳೂ ಕಳಚಿ ಬರುತ್ತವೆ, ಯಾಕಂದರೆ ಸೂಪರ್ ಗ್ಲೂ ಕೂಡ ಅಸಿಟೋನಿಗೆ ಬಿಡುತ್ತೆ. ಓವನ್ ಕ್ಲೀನರಿನಲ್ಲಿ ಇರೋದು ಕಾಸ್ಟಿಕ್ ಸೋಡ, ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು.

ವಿನೆಗರ್ ವಿಷಯ ಇನ್ನೂ ಘೋರ. ಅಡುಗೆಮನೆಯದಲ್ವಾ, ಏನೂ ಆಗಲ್ಲ ಅಂತಾರೆ. ಹಳೇ ಸೀಸದ ಸಿಪಾಯಿಗೆ ಅಸಿಟಿಕ್ ಆಮ್ಲ ಅಂದ್ರೆ ಪರಮಶತ್ರು. ಮರದ ಕಪಾಟಿನಿಂದ ಹೊರಡೋ ಅಸಿಟಿಕ್ ಆಮ್ಲದ ಆವಿಗೇ ಸೀಸದ ಬೊಂಬೆ ಬಿಳಿ ಪುಡಿಯಾಗಿ ಉದುರೋಕೆ ಶುರುವಾಗುತ್ತೆ. ಇನ್ನು ನೇರವಾಗಿ ವಿನೆಗರಿನಲ್ಲೇ ನೆನೆಹಾಕಿದರೆ ಲೆಡ್ ಅಸಿಟೇಟ್ ತಯಾರು. ಅದು ನೀರಿನಲ್ಲಿ ಕರಗುತ್ತೆ, ರುಚಿ ಸಿಹಿ, ಪಕ್ಕಾ ವಿಷ. ಮಗು ಇರೋ ಮನೆಯಲ್ಲಿ ಬಕೆಟ್ಟಿನ ತುಂಬ ಸಿಹಿ ವಿಷ ಮಾಡಿಡೋದನ್ನು 'ಮನೆಮದ್ದು' ಅಂತ ಕರೀತಿದ್ದೀವಿ ನಾವು.

ಹಾರ್ಪಿಕ್ ಅಂದ್ರೆ ಹೈಡ್ರೋಕ್ಲೋರಿಕ್ ಆಮ್ಲ. ಅದು ಸಾಲದು ಅಂತ ಬ್ಲೀಚು ಬೆರೆಸಿದರೆ ಕ್ಲೋರಿನ್ ಅನಿಲ. ಇಂಜಿನಿಯರಿಂಗ್ ಮೊದಲ ವರ್ಷದ ಕೆಮಿಸ್ಟ್ರಿ ಲ್ಯಾಬಿನಲ್ಲಿ ಇವನ್ನು ಫ್ಯೂಮ್ ಹುಡ್ ಒಳಗಿಡ್ತಿದ್ದರು. ನಾವು ಕಿಟಕಿಯಿಲ್ಲದ ಬಚ್ಚಲುಮನೆಯಲ್ಲಿ ಮಾಡಿ ನೋಡಿ ಅಂತ ಹೇಳ್ತಿದ್ದೀವಿ!

ಇದು ಈ ವಿದ್ಯೆಯ ತವರುಮನೆಯ ಕಥೆ. ಈಗ ನಮ್ಮ ಅಟ್ಟ ಹತ್ತೋಣ. ನಮ್ಮ ದಸರಾ ಪೆಟ್ಟಿಗೆಯಲ್ಲಿ ಇರೋದು ಒಂದು ಜಾತಿಯ ಗೊಂಬೆಯಲ್ಲ. ಪಟ್ಟದ ಗೊಂಬೆ, ದಶಾವತಾರ, ಅಂಗಡಿ ಇಟ್ಟುಕೊಂಡ ಶೆಟ್ಟಿ ಮತ್ತು ಶೆಟ್ಟಮ್ಮ, ಚನ್ನಪಟ್ಟಣದ ಅಡುಗೆ ಸೆಟ್ಟು, ಕಿನ್ನಾಳದ ಹಣ್ಣುಗಳು, ಮಣ್ಣಿನ ಆನೆ, ಪ್ಲಾಸ್ಟರಿನ ಕೃಷ್ಣ, ಯಾರೋ ಉಡುಗೊರೆ ಕೊಟ್ಟ ಪ್ಲಾಸ್ಟಿಕ್ ಜಿರಾಫೆ. ಒಂದೇ ಮೆಟ್ಟಿಲ ಮೇಲೆ ಪಕ್ಕಪಕ್ಕ ಕೂತಿವೆ ಅಂದಮಾತ್ರಕ್ಕೆ ಒಂದೇ ಬಕೆಟ್ಟಿಗೆ ಹಾಕಬಹುದೇ? ಒಂದೇ ಪಂಕ್ತಿಯಲ್ಲಿ ಕೂತವರಿಗೆಲ್ಲ ಒಂದೇ ಇಂಜೆಕ್ಷನ್ ಕೊಡ್ತೀರಾ?

ಚನ್ನಪಟ್ಟಣದ ಗೊಂಬೆ ತಗೊಳ್ಳಿ. ಹಾಲೆ ಮರವನ್ನು ಚರಕಿಯಲ್ಲಿ ತಿರುಗಿಸ್ತಾ ಅದಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರದ ಮೇಲೆ ತೆಳುವಾಗಿ ಹರಡುತ್ತೆ. ಆಮೇಲೆ ಓಲೆಗರಿ ಒತ್ತಿ ಹಿಡಿದರೆ ಆ ಹೊಳಪು. ಅಲ್ಲಿ ಪೇಂಟ್ ಅನ್ನೋದೇ ಇಲ್ಲ ಸ್ವಾಮಿ, ಇರೋದು ಅರಗು. ಅರಗು ಕರಗೋದು ಯಾತರಲ್ಲಿ? ಆಲ್ಕೋಹಾಲಿನಲ್ಲಿ ಮತ್ತು ಕ್ಷಾರದಲ್ಲಿ. ಅಂದ್ರೆ ಡೆಟಾಲಿನ ಆಲ್ಕೋಹಾಲಿಗೂ ಆಗಲ್ಲ, ವಾಷಿಂಗ್ ಸೋಡಕ್ಕೂ ಆಗಲ್ಲ, ಅಮೋನಿಯ ಇರೋ ಗಾಜಿನ ಕ್ಲೀನರಿಗೂ ಆಗಲ್ಲ. ಕುದಿಯೋ ನೀರು ಹಾಕಿದರೂ ಮೆತ್ತಗಾಗುತ್ತೆ. 2020ರಲ್ಲಿ ಎಲ್ಲರೂ ಎಲ್ಲದಕ್ಕೂ ಸ್ಯಾನಿಟೈಸರ್ ಒರೆಸ್ತಿದ್ದಾಗ ನಮ್ಮ ಸಂಬಂಧಿಕರ ಮನೆಯಲ್ಲಿ ಮಗುವಿನ ಚನ್ನಪಟ್ಟಣದ ಗೊಂಬೆಗಳನ್ನೂ ಒರೆಸಿದರು. ಹತ್ತಿಯಲ್ಲಿ ಕೆಂಪು, ಕೈಯಲ್ಲಿ ಹಳದಿ, ಗೊಂಬೆ ಮೇಲೆ ಮಸುಕು ಜಿಗುಟು. "ನೋಡಿ, ಕಳಪೆ ಬಣ್ಣ" ಅಂತ ಅದನ್ನು ಮಾಡಿದವನಿಗೇ ಬೈದರು. ಮಹಾಭಾರತದಲ್ಲಿ ಅರಗಿನ ಮನೆ ಕಟ್ಟಿಸಿದ ಪುರೋಚನನಿಗಾದರೂ ಅರಗಿನ ಗುಣ ಏನು ಅಂತ ಗೊತ್ತಿತ್ತು. ನಮಗೆ ಅಷ್ಟೂ ಗೊತ್ತಿಲ್ಲ.

ಕಿನ್ನಾಳದ ಗೊಂಬೆ ಇನ್ನೂ ಸೂಕ್ಷ್ಮ. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರರು ಹಗುರವಾದ ಮರದಲ್ಲಿ ಭಾಗಗಳನ್ನು ಕೆತ್ತಿ, ಹುಣಸೆ ಬೀಜದ ಸರಿಯಿಂದ ಜೋಡಿಸ್ತಾರೆ. ಗೋಣಿಯ ಚಿಂದಿಯನ್ನು ನೆನೆಸಿ, ಕತ್ತರಿಸಿ, ಒಣಗಿಸಿ, ಪುಡಿ ಮಾಡಿ, ಅದೇ ಸರಿಯಲ್ಲಿ ಕಲಸಿದರೆ 'ಕಿಟ್ಟ'. ಅದನ್ನು ಕೈಯಿಂದಲೇ ಇಡೀ ಮೈಗೆ ಮೆತ್ತುತ್ತಾರೆ. ಅದರ ಮೇಲೆ ಹತ್ತಿಬಟ್ಟೆಯ ತುಣುಕುಗಳು, ಅದರ ಮೇಲೆ ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿದ ಲೇಪ. ಒಡವೆ, ಜರಿ, ಕಿರೀಟದ ಉಬ್ಬು ಎಲ್ಲ ಆ ಲೇಪದಲ್ಲೇ ಮೂಡೋದು. ಬಣ್ಣ ಬರೋದು ಎಲ್ಲಕ್ಕಿಂತ ಕೊನೆಗೆ. ಇದರಲ್ಲಿ 'ಮೈ' ಯಾವುದು, 'ಬಣ್ಣ' ಯಾವುದು, ಗೆರೆ ಎಲ್ಲಿ ಎಳೀತೀರಿ? ಇದಕ್ಕೆ ಡೆಟಾಲು ಹಾರ್ಪಿಕ್ಕು ಏನೂ ಬೇಡ, ರಾತ್ರಿಯಿಡೀ ಬರೀ ನೀರಿನಲ್ಲಿ ನೆನೆಸಿದರೂ ಸಾಕು. ಹುಣಸೆ ಬೀಜದ ಸರಿ ನೀರಿಗೆ ಸಡಿಲವಾಗೋ ಅಂಟು. ಬೆಳಿಗ್ಗೆ ಬಕೆಟ್ಟಿನಲ್ಲಿ ಒಂದಿಷ್ಟು ಗಂಜಿ, ಒಂದಿಷ್ಟು ಚಿಂದಿ, ಒಂದು ಮರದ ತುಂಡು ಇರುತ್ತೆ. ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಹಾಕಿ ಬೆಳಗೋ ಅಭ್ಯಾಸ ನಮಗೆ. ಆ ಕೈಯಲ್ಲೇ ಹುಣಸೆ ಬೀಜದಿಂದ ಕಟ್ಟಿದ ಗೊಂಬೆಯನ್ನೂ ಬೆಳಗೋಕೆ ಹೋದರೆ ಹೀಗೇ ಆಗೋದು.

ಮಣ್ಣಿನ ಗೊಂಬೆಗಳ ಗತಿಯೂ ಅಷ್ಟೆ. ಸುಡದ ಮಣ್ಣಿನದಾದರೆ ಮರಳಿ ಕೆಸರು. ಸುಟ್ಟದ್ದಾದರೆ ಮೈ ಉಳಿಯುತ್ತೆ, ಆದರೆ ಅದರ ಮೇಲಿನ ಸೀಮೆಸುಣ್ಣದಂಥ ಬಿಳಿ ಲೇಪ, ಅಂಟಿನಲ್ಲಿ ಕಲಸಿದ ಬಣ್ಣ ನೀರಿಗೇ ಏಳುತ್ತೆ. ಆಮ್ಲ ಬಿದ್ದರೆ ಸುಣ್ಣ ಬುಸ್ಸಂತ ನೊರೆ ಬರುತ್ತೆ. ಅಡಿಗೆ ಸೋಡದ ನೀರಿನಲ್ಲಿ ನೆನೆಸಿದರೆ ಉಪ್ಪು ಮಣ್ಣಿನ ರಂಧ್ರಗಳೊಳಗೆ ಇಳಿದು, ಒಣಗುವಾಗ ಹೊರಗೆ ಬೆಳ್ಳಗೆ ಅರಳಿ, ಹೊಸದಾಗಿ ಹಚ್ಚಿದ ಬಣ್ಣವನ್ನೂ ಒಳಗಿಂದಲೇ ಎಬ್ಬಿಸಿಬಿಡುತ್ತೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಅಂದ್ರೆ ಜಿಪ್ಸಮ್. ಒಂದು ಲೀಟರ್ ನೀರಿಗೆ ಸುಮಾರು 2 ಗ್ರಾಂ ಕರಗುತ್ತೆ. ಕೃಷ್ಣನ ಬೆರಳ ತುದಿ, ಕೊಳಲಿನ ಅಂಚು ಮೊಂಡಾಗೋಕೆ ಅಷ್ಟು ಸಾಕು.

ನಾನು ಹೇಳಬೇಕಾದ್ದು ಇಷ್ಟೇ. ದ್ರಾವಕಕ್ಕೆ ಬಣ್ಣ ಯಾವುದು, ಗೊಂಬೆ ಯಾವುದು ಅಂತ ಗೊತ್ತಾಗಲ್ಲ. ಕರಗೋದೆಲ್ಲ ಅದಕ್ಕೆ ಒಂದೇ. ಲೋಹದ ಸಿಪಾಯಿಯಲ್ಲಿ ಆ ವ್ಯತ್ಯಾಸವನ್ನು ಲೋಹವೇ ಕಾಯುತ್ತೆ. ನಮ್ಮ ಗೊಂಬೆಗಳಲ್ಲಿ ಅದನ್ನು ಕಾಯಬೇಕಾದ್ದು ನಾವು.

ಕನ್ನಡದಲ್ಲಿ ಒಂದು ತಮಾಷೆ ಇದೆ ನೋಡಿ. ಚಿತ್ರ 'ಬಿಡಿಸೋದು' ಅಂದ್ರೆ ಬರೆಯೋದು, ಬಣ್ಣ 'ಬಿಡಿಸೋದು' ಅಂದ್ರೆ ಕೀಳೋದು. ಒಂದೇ ಕ್ರಿಯಾಪದ. ಆದರೆ ಮೊದಲನೆಯದಕ್ಕೆ ಬೇಕಾಗೋ ಸಮಯ ಎಷ್ಟು, ಎರಡನೆಯದಕ್ಕೆ ಎಷ್ಟು? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಇನ್ನೊಂದು ಮಾತು. ದೇವರ ಮೂರ್ತಿಗೆ ಕಣ್ಣು ತೆರೆಸೋದು ಕೊನೆಗೆ ಅನ್ನೋದು ನಮ್ಮಲ್ಲಿ ಹಳೇ ಪದ್ಧತಿ. ಗೊಂಬೆಗಳಲ್ಲೂ ಮೈಬಣ್ಣ, ಸೀರೆ, ಒಡವೆ ಎಲ್ಲ ಮುಗಿದ ಮೇಲೆಯೇ ಸಣ್ಣ ಕುಂಚದ ಆ ಕಣ್ಣಿನ ಗೆರೆ. ಪದರದ ಲೆಕ್ಕದಲ್ಲಿ ಅದು ಎಲ್ಲಕ್ಕಿಂತ ಮೇಲಿರುತ್ತೆ. ಡೇಟಾ ಸ್ಟ್ರಕ್ಚರ್ಸ್ ಓದಿದವರಿಗೆ ಗೊತ್ತು, ಸ್ಟ್ಯಾಕ್‌ನಲ್ಲಿ ಕೊನೆಗೆ ಹಾಕಿದ್ದು ಮೊದಲು ಹೊರಗೆ. ನೀವು ಹತ್ತಿಯನ್ನು ಯಾವ ಬಾಟಲಿಯಲ್ಲಾದರೂ ಅದ್ದಿ ಒರೆಸಿ, ಮೊದಲು ಹೋಗೋದು ಕಣ್ಣು. ಆ ಗೊಂಬೆ ಮಾಡಿದವನ ಹೆಸರು ಎಲ್ಲೂ ಇಲ್ಲ. ಬುಡದಲ್ಲಿ ಸಹಿ ಇಲ್ಲ, ಬಿಲ್ಲು ಇಲ್ಲ. ಅವನು ಬಿಟ್ಟು ಹೋಗಿರೋ ಸಹಿ ಅಂದ್ರೆ ಆ ಗೆರೆ ಮಾತ್ರ. ಎಡಗಣ್ಣು ಒಂಚೂರು ಮೇಲಿರೋದು, ಹುಬ್ಬು ಕೊನೆಗೆ ತಿರುಗಿರೋದು, ಅದು ಆ ಮನುಷ್ಯನ ಕೈ. ಕಂಪ್ಯೂಟರಿನಲ್ಲಾದರೆ ಕಂಟ್ರೋಲ್ ಝಡ್ ಇದೆ, ನಿನ್ನೆಯ ಬ್ಯಾಕಪ್ ಇದೆ. ಬಕೆಟ್ಟಿಗೆ ಇಲ್ಲ.

ಇದಕ್ಕೆ ಬರೋ ವಾದಗಳು ನನಗೆ ಗೊತ್ತು, ಒಂದೊಂದಾಗಿ ನೋಡೋಣ.

"ಗೊಂಬೆ ನಮ್ಮದು, ನಮ್ಮಿಷ್ಟ." ಖಂಡಿತ ನಿಮ್ಮದೇ. ನಿಮ್ಮ ಗೊಂಬೆಗೆ ನೀವು ಏನು ಮಾಡಿದರೂ ಪೊಲೀಸರು ಬರಲ್ಲ. ಆದರೆ ನಾನು ಮಾತಾಡ್ತಿರೋದು ನೀವು ಇನ್ನೊಬ್ಬರಿಗೆ ಕೊಡೋ ಸಲಹೆಯ ಬಗ್ಗೆ. ಆ ಸಲಹೆ ಓದೋರ ಮನೆಯ ಗೊಂಬೆ ನಿಮ್ಮದಲ್ಲ.

"ಹಳೇ ಬಣ್ಣದಲ್ಲಿ ಸೀಸ ಇರುತ್ತೆ ಅಂತೀರಿ, ಹಾಗಾದರೆ ತೆಗೆಯೋದೇ ಒಳ್ಳೇದಲ್ವೇ?" ಇದು ಗಟ್ಟಿಯಾದ ಪ್ರಶ್ನೆ, ಉತ್ತರವೂ ಗಟ್ಟಿಯಾಗಿರಬೇಕು. ಹಳೇ ಬಣ್ಣಗಳಲ್ಲಿ ಸೀಸ ಇರೋ ಸಾಧ್ಯತೆ ನಿಜಕ್ಕೂ ಇದೆ. ಕ್ರೋಮ್ ಹಳದಿ ಅಂದ್ರೆ ಲೆಡ್ ಕ್ರೋಮೇಟ್, ಸಫೇದ ಅಂತ ಬಳಸ್ತಿದ್ದ ಬಿಳಿಯಲ್ಲೂ ಸೀಸ ಇರಬಹುದು. ಮನೆಗೆ ಬಳಿಯೋ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನೋ ನಿಯಮ ನಮ್ಮ ದೇಶದಲ್ಲಿ ಬಂದದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅಂದ್ರೆ ಅದಕ್ಕಿಂತ ಹಳೇ ಎನಾಮಲ್ ಡಬ್ಬಿಯಿಂದ ಬಳಿದ ಗೊಂಬೆಯನ್ನು ಅನುಮಾನಿಸೋದೇ ಸರಿ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಅನ್ನೋ ಸುರಕ್ಷಿತ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಆದರೆ ಯೋಚನೆ ಮಾಡಿ. ಗೊಂಬೆಯ ಮೈಮೇಲೆ ಗಟ್ಟಿಯಾಗಿ ಅಂಟಿಕೊಂಡಿರೋ ಸೀಸ, ಮಗುವಿನ ಕೈಗೆ ಸಿಗದ ಮೆಟ್ಟಿಲ ಮೇಲೆ ಒಂಬತ್ತು ದಿನ ಕೂತು ಮತ್ತೆ ಪೆಟ್ಟಿಗೆಗೆ ಹೋಗುತ್ತೆ. ನೀವು ಅದನ್ನು ಕಿತ್ತರೆ? ಸ್ಯಾಂಡ್‌ಪೇಪರಿನಲ್ಲಿ ಉಜ್ಜಿದರೆ ಗಾಳಿಯಲ್ಲಿ ಧೂಳು, ನೆಲದ ಮೇಲೆ ಧೂಳು, ಅಂಬೆಗಾಲಿಡೋ ಮಗುವಿನ ಅಂಗೈಯಲ್ಲಿ ಧೂಳು. ನೆನೆಸಿದರೆ ಬಚ್ಚಲಿಗೆ ಹೋಗೋ ನೀರಲ್ಲಿ ಸೀಸ. ಡೆಟಾಲಿನ ಕ್ಲೋರೋಕ್ಸೈಲೆನಾಲ್ ಮೀನುಗಳಿಗೆ ವಿಷ, ಬೆಕ್ಕುಗಳಿಗೂ ವಿಷ. ಬಣ್ಣ ಉದುರುತ್ತಿರೋ ಗೊಂಬೆಯಿದ್ದರೆ ಮಕ್ಕಳಿಂದ ದೂರ, ಗಾಜಿನೊಳಗೆ ಇಡಿ. ಇಲಿ ಹೊಕ್ಕಿತು ಅಂತ ಮನೆಗೇ ಬೆಂಕಿ ಹಚ್ಚಬೇಡಿ.

"ಮ್ಯೂಸಿಯಂನವರೂ ಹಳೇ ಬಣ್ಣ ತೆಗೀತಾರಲ್ಲ?" ತೆಗೀತಾರೆ. ಮೂಲ ಬಣ್ಣವನ್ನಲ್ಲ, ಆಮೇಲೆ ಯಾರೋ ಬಳಿದ ಮೇಲುಬಣ್ಣವನ್ನು, ಹಳದಿಯಾದ ವಾರ್ನಿಶ್ಶನ್ನು, ಕೊಳೆಯನ್ನು. ಅದೂ ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷೆ ಮಾಡಿ, ಕಡ್ಡಿಗೆ ಸುತ್ತಿದ ಹತ್ತಿಯಲ್ಲಿ, ಬೆರಳಗಲ ಜಾಗವನ್ನು ಗಂಟೆಗಟ್ಟಲೆ. ಅವರು ಕೊಳೆ ತೆಗೆಯೋಕೆ ಬಳಸೋ ವಸ್ತುಗಳಲ್ಲಿ ಒಂದು ಯಾವುದು ಗೊತ್ತೆ? ಎಂಜಲು! ನಿಜವಾಗಿಯೂ ಮನುಷ್ಯರ ಎಂಜಲು. ಅದರಲ್ಲಿರೋ ಅಮೈಲೇಸ್ ಅನ್ನೋ ಕಿಣ್ವ ಕೊಳೆಯನ್ನು ಸಡಿಲ ಮಾಡುತ್ತೆ. ಇದನ್ನು ಪರೀಕ್ಷಿಸಿ ತೋರಿಸಿದ ಪೋರ್ಚುಗಲ್ಲಿನ ಸಂಶೋಧಕರಿಗೆ 2018ರಲ್ಲಿ ಇಗ್ ನೊಬೆಲ್ ಬಹುಮಾನವೂ ಸಿಕ್ಕಿತು. ಪಟ್ಟದ ಗೊಂಬೆಗೆ ಎಂಜಲು ಹಚ್ಚಿದರೆ ನಮ್ಮಜ್ಜಿ ಬೆನ್ನಿಗೆ ಬಾರಿಸ್ತಾರೆ, ಅದು ಬೇರೆ ವಿಷಯ. ಆದರೆ ಎಂಜಲಿನಷ್ಟು ಮೆತ್ತಗಿನ ವಸ್ತುವನ್ನು ಹುಡುಕಿಕೊಂಡು ಹೋಗೋರ ಹೆಸರು ಹೇಳಿ ಹಾರ್ಪಿಕ್ಕನ್ನು ಸಮರ್ಥಿಸಬೇಡಿ.

"ಹಿಂದಿನವರೂ ಮರುಬಣ್ಣ ಹಚ್ಚಿಸ್ತಿದ್ದರು." ಹೌದು, ಇದು ಎಲ್ಲಕ್ಕಿಂತ ಒಳ್ಳೇ ವಾದ. ದೇವಸ್ಥಾನದ ವಾಹನಗಳಿಗೆ, ಮರದ ಮೂರ್ತಿಗಳಿಗೆ ಕಾಲಕಾಲಕ್ಕೆ ಬಣ್ಣ ಹಚ್ಚಿಸೋ ಪದ್ಧತಿ ಇದ್ದೇ ಇದೆ. ಗೊಂಬೆಯನ್ನು ಹಾಗೇ ಹೆಪ್ಪುಗಟ್ಟಿಸಿ ಇಡಬೇಕು ಅಂತ ನಾನೂ ಹೇಳ್ತಿಲ್ಲ. ಆದರೆ 'ಹಚ್ಚಿಸ್ತಿದ್ದರು' ಅನ್ನೋ ಪದ ಗಮನಿಸಿ. ಅದನ್ನು ಮಾಡೋರು ಬೇರೆ ಇದ್ದರು. ಒಳಗಿರೋದು ಕಿಟ್ಟವೋ, ಸುಣ್ಣವೋ, ಅರಗೋ ಅಂತ ಬಲ್ಲ ಕೈಗಳು. ಆ ಕೈಗಳು ಕಿನ್ನಾಳದಲ್ಲಿ, ಚನ್ನಪಟ್ಟಣದಲ್ಲಿ ಈಗಲೂ ಇವೆ. ನಮ್ಮ ಮನೆಯ ಗೊಂಬೆಗೆ ನಿಜವಾಗಿ ಮರುಬಣ್ಣ ಬೇಕಿದ್ದರೆ ಅವರನ್ನು ಹುಡುಕಿ, ಅವರು ಕೇಳಿದ ದುಡ್ಡು ಕೊಟ್ಟು ಮಾಡಿಸೋಣ. ಬಹುಶಃ "ಇದನ್ನ ಮುಟ್ಟಬೇಡಿ ಸಾರ್, ಹಿಂಗೇ ಚಂದ ಐತಿ" ಅಂತ ಅವರೇ ಹೇಳಿಯಾರು.

ಹಾಗಾದರೆ ಮಾಡೋದೇನು? ಬಹಳ ಕಡಿಮೆ. ಒಣಗಿದ ಮೆತ್ತನೆ ಕುಂಚದಲ್ಲಿ ಧೂಳು ಜಾಡಿಸಿ. ಚನ್ನಪಟ್ಟಣದ್ದಾದರೆ ಒಣಗಿದ ಮೆತ್ತನೆ ಬಟ್ಟೆ ಸಾಕು. ಕಿನ್ನಾಳದ್ದು, ಮಣ್ಣಿನದು, ಪ್ಲಾಸ್ಟರಿನದು ನೀರು ಮುಟ್ಟಿಸಲೇಬೇಡಿ. ಹಿತ್ತಾಳೆಯದಕ್ಕೆ ಬಣ್ಣವೇನೂ ಇಲ್ಲದಿದ್ದರೆ ಧಾರಾಳವಾಗಿ ಹುಣಸೆಹಣ್ಣು ಹಾಕಿ. ಪ್ಲಾಸ್ಟಿಕ್ ಜಿರಾಫೆಗೆ ಸೋಪು ನೀರು. ನಿಮ್ಮ ಹತ್ತಿರ ನನ್ನಂತೆ ಬಿಳಿಲೋಹದ ಸಿಪಾಯಿಗಳಿದ್ದು, ಅವುಗಳ ಮೇಲಿರೋದು ಅಕ್ರಿಲಿಕ್ ಅಂತ ಖಚಿತವಾಗಿದ್ದರೆ, ಕೈಗವಸು ಹಾಕಿ, ಕಿಟಕಿ ತೆರೆದು, ಡೆಟಾಲ್ ಜಾಡಿಗೆ ಹಾಕಿ. ಅದು ಅದರ ಜಾಗ. ಪೆಟ್ಟಿಗೆಗೆ ಮರಳಿ ಇಡುವಾಗ ಹಳೇ ಮೆತ್ತನೆ ಹತ್ತಿಬಟ್ಟೆಯಲ್ಲಿ ಸುತ್ತಿ, ತೇವ ಇಲ್ಲದ ಕಡೆ ಇಡಿ. ಪ್ರತಿ ಗೊಂಬೆಯದ್ದೂ ಒಂದು ಫೋಟೊ ತೆಗೆದು, ಯಾರು ಕೊಟ್ಟದ್ದು, ಎಲ್ಲಿ ಕೊಂಡದ್ದು ಅಂತ ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಹೊಸ ಗೊಂಬೆ ಫಳಫಳ ಅನ್ನಬೇಕು ಅಂದ್ರೆ ಹೊಸ ಗೊಂಬೆಯನ್ನೇ ಕೊಳ್ಳಿ. ಮಾಡೋರು ಇದ್ದಾರೆ, ಅವರಿಗೆ ಗಿರಾಕಿಗಳು ಬೇಕು. ಹಳೇದರ ಪಕ್ಕ ಹೊಸದನ್ನು ಕೂರಿಸಿ. ಹಳೇದು ಹಳೇದಾಗೇ ಕಾಣೋದರಲ್ಲಿ ಅವಮಾನ ಏನಿದೆ? ಅಜ್ಜಿಯ ಮುಖದ ಸುಕ್ಕು ಹೋಗಲಿ ಅಂತ ಯಾರೂ ಅಜ್ಜಿಯನ್ನು ನೆನೆಹಾಕಲ್ಲವಲ್ಲ :-)

ಕೊನೆಗೆ ಬ್ಲಾಗು ಬರೆಯೋ ನನ್ನ ಮಿತ್ರರಿಗೆ ಒಂದು ಕೋರಿಕೆ. ನಾವು ಕನ್ನಡದಲ್ಲಿ ಬರೆಯೋರು ಕಡಿಮೆ, ಬರೆದದ್ದು ಬಹಳ ಕಾಲ ಉಳಿಯುತ್ತೆ, ಹುಡುಕಿದವರಿಗೆ ಅದೊಂದೇ ಸಿಗುತ್ತೆ. ಇಂಗ್ಲಿಷಿನಲ್ಲಿ ಒಬ್ಬ ತಪ್ಪು ಬರೆದರೆ ತಿದ್ದೋಕೆ ಹತ್ತು ಜನ ಇರ್ತಾರೆ. ಕನ್ನಡದಲ್ಲಿ ನೀವು ಬರೆದ ಆ ನಾಲ್ಕು ಸಾಲನ್ನೇ ನಂಬಿ ಧಾರವಾಡದಲ್ಲೋ ತಿಪಟೂರಿನಲ್ಲೋ ಯಾರೋ ತಮ್ಮ ಅತ್ತೆಯ ಕಾಲದ ಗೊಂಬೆಯನ್ನು ಬಕೆಟ್ಟಿಗೆ ಇಳಿಸ್ತಾರೆ. ಆದ್ದರಿಂದ ಬಾಟಲಿಯ ಹೆಸರು ಬರೆಯೋ ಮುಂಚೆ ಎರಡು ವಿಷಯ ಬರೆಯಿರಿ: ಗೊಂಬೆ ಯಾವುದರಿಂದ ಮಾಡಿದ್ದು, ಮೇಲಿರೋ ಬಣ್ಣ ಯಾವುದು. ಎರಡರಲ್ಲಿ ಒಂದು ಗೊತ್ತಿಲ್ಲದಿದ್ದರೂ ಬಾಟಲಿಯ ಮುಚ್ಚಳ ತೆಗೀಬೇಡಿ, ತೆಗೀರಿ ಅಂತ ಯಾರಿಗೂ ಹೇಳಬೇಡಿ.

ನೀವೇನಂತೀರಿ? ಒಪ್ಪದಿದ್ದರೆ ಜಗಳಕ್ಕೆ ಬನ್ನಿ, ಸಂತೋಷ. ಬರುವಾಗ ನಿಮ್ಮ ಮನೆ ಪಟ್ಟದ ಗೊಂಬೆಯ ಕಣ್ಣನ್ನು ಒಂದು ಸಲ ಹತ್ತಿರದಿಂದ ನೋಡಿಕೊಂಡು ಬನ್ನಿ.